ನಾಳೆ ಓದಿದರಾಯ್ತು ಅನ್ನುವ ಅಭ್ಯಾಸ ಬಿಡಲು ಯಾವ ವಿಧಾನ ಯಾರಿಗೆ?

ಓದು ಮುಂದೂಡುವ ವಿದ್ಯಾರ್ಥಿಗಳಿಗೆ ಸಲಹೆಗೇನೂ ಬರವಿಲ್ಲ. ಪಟ್ಟಿ ಮಾಡು ಅಂತ ಒಬ್ಬರು, ಟೈಮ್ ಟೇಬಲ್ ಹಾಕು ಅಂತ ಇನ್ನೊಬ್ಬರು, ಟೈಮರ್ ಇಟ್ಟುಕೋ ಅಂತ ಮತ್ತೊಬ್ಬರು. ಫೋನಿಗೆ ಬೀಗ ಹಾಕುವ ಆಪ್ ಬಗ್ಗೆ ಹೇಳುವವರೂ ಇದ್ದಾರೆ. ಇವೆಲ್ಲ ಯಾರಿಗೋ ಉಪಯೋಗಕ್ಕೆ ಬಂದಿರುವುದು ನಿಜ. ಹಾಗಾಗಿಯೇ ಯಾವುದನ್ನು ಹಿಡಿಯಬೇಕು ಅನ್ನುವುದೇ ತಲೆನೋವಾಗುತ್ತದೆ. ಇದರ ಬಗ್ಗೆ ಕೇಳುವ ಹಲವರು ಮೂರು ನಾಲ್ಕು ವಿಧಾನಗಳನ್ನು ಒಟ್ಟಿಗೇ ಶುರು ಮಾಡಿ, ಒಂದೇ ವಾರದಲ್ಲಿ ಎಲ್ಲವನ್ನೂ ಬಿಟ್ಟಿರುತ್ತಾರೆ. ಆಮೇಲೆ "ನಾನೇ ಸೋಮಾರಿ" ಅಂತ ತೀರ್ಮಾನಕ್ಕೆ ಬರುತ್ತಾರೆ.

ಆ ತೀರ್ಮಾನ ತಪ್ಪು. ಸೋಮಾರಿಗೆ ಕೆಲಸ ಆಗಬೇಕು ಅನ್ನುವ ಚಿಂತೆಯೇ ಇರುವುದಿಲ್ಲ. ಮುಂದೂಡುವವರಿಗೆ ಆ ಚಿಂತೆ ದಿನವಿಡೀ ಇರುತ್ತದೆ. ಮನಶ್ಶಾಸ್ತ್ರಜ್ಞರಾದ ಫ್ಯೂಷಿಯಾ ಸಿರೋಯಿಸ್ ಮತ್ತು ಟಿಮತಿ ಪಿಚಿಲ್ 2013ರಲ್ಲಿ ಬರೆದ ಲೇಖನವೊಂದು ಇದನ್ನು ಚೆನ್ನಾಗಿ ವಿವರಿಸುತ್ತದೆ. ಕಷ್ಟದ ಕೆಲಸ ನೋಡಿದಾಗ ಭಯ, ಬೇಸರ, ಗೊಂದಲ ಏಳುತ್ತವೆ. ಅದರಿಂದ ಆ ಕ್ಷಣಕ್ಕೆ ತಪ್ಪಿಸಿಕೊಳ್ಳಲು ನಾವು ಕೆಲಸವನ್ನೇ ದೂರ ಸರಿಸುತ್ತೇವೆ. ಆಗ ಮನಸ್ಸು ಹಗುರವಾಗುತ್ತದೆ, ಅದೇ ಅಭ್ಯಾಸವಾಗುತ್ತದೆ. ಸಾಲ ತಲೆ ಮೇಲೆ ಬರುವುದು ಆಮೇಲೆ. ಡಯಾನ್ ಟೈಸ್ ಮತ್ತು ರಾಯ್ ಬಾಮೈಸ್ಟರ್ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮುಂದೂಡುವ ವಿದ್ಯಾರ್ಥಿಗಳು ಸೆಮಿಸ್ಟರಿನ ಶುರುವಿನಲ್ಲಿ ಉಳಿದವರಿಗಿಂತ ನಿರಾಳವಾಗಿದ್ದರು. ಕೊನೆ ಹತ್ತಿರ ಬಂದಾಗ ಅವರ ಒತ್ತಡವೂ ಜಾಸ್ತಿ, ಕಾಯಿಲೆಯೂ ಜಾಸ್ತಿ. ಅಂಕಗಳೂ ಕಡಿಮೆ ಬಂದವು.

ಅಂದರೆ ನಾವು ಹುಡುಕಬೇಕಾದದ್ದು ನಮ್ಮ ಮನಸ್ಸು ಯಾವ ಜಾಗದಲ್ಲಿ ಹಿಂಜರಿಯುತ್ತದೋ ಆ ಜಾಗಕ್ಕೆ ಹೊಂದುವ ವಿಧಾನವನ್ನು.

ಆಯ್ಕೆಗೆ ಮೊದಲು ನಾಲ್ಕು ಪ್ರಶ್ನೆ

ಮೊದಲನೆಯದು, ನೀವು ಸಿಕ್ಕಿಹಾಕಿಕೊಳ್ಳುವುದು ಎಲ್ಲಿ? ಕೆಲವರಿಗೆ ಶುರು ಮಾಡುವುದೇ ಕಷ್ಟ, ಕೂತರೆ ಮಾತ್ರ ಎರಡು ಗಂಟೆ ಏಳುವುದಿಲ್ಲ. ಕೆಲವರು ಸುಲಭವಾಗಿ ಕೂರುತ್ತಾರೆ, ಹತ್ತು ನಿಮಿಷಕ್ಕೆ ಗಮನ ಎಲ್ಲೋ ಹೋಗಿರುತ್ತದೆ. ಇನ್ನು ಕೆಲವರು ದಿನವೂ ಓದುತ್ತಾರೆ, ಆದರೆ ಯಾವ ಕೆಲಸಕ್ಕೆ ಎಷ್ಟು ಹೊತ್ತು ಬೇಕು ಅನ್ನುವ ಲೆಕ್ಕ ಯಾವಾಗಲೂ ತಪ್ಪುತ್ತದೆ. ಎಲ್ಲ ಮಾಡಿಯೂ ಇನ್ನೂ ಸರಿಯಾಗಿಲ್ಲ ಅಂತ ಕೊನೆಯ ಪ್ರತಿಯನ್ನು ಕೊಡದೇ ಕೂರುವವರೂ ಇದ್ದಾರೆ. ಈ ನಾಲ್ವರಿಗೂ ಒಂದೇ ಮದ್ದು ಕೊಟ್ಟರೆ ಹೇಗೆ?

ಎರಡನೆಯದು, ಆ ವಿಧಾನ ನಡೆಸಲು ಏನು ಖರ್ಚು? ಹಣದ ಮಾತು ಇಲ್ಲಿ ಚಿಕ್ಕದು, ಬಹುಪಾಲು ವಿಧಾನಗಳಿಗೆ ಪೆನ್ನು ಹಾಳೆ ಸಾಕು. ದಿನವೂ ಅದನ್ನು ನೋಡಿಕೊಳ್ಳಲು ಎಷ್ಟು ಹೊತ್ತು ಬೇಕು ಅನ್ನುವುದೇ ಅಸಲಿ ಖರ್ಚು.

ಮೂರನೆಯದು, ಒಂದು ದಿನ ತಪ್ಪಿದರೆ ಮರುದಿನ ಏನಾಗುತ್ತದೆ? ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ. ಜ್ವರ ಬರುತ್ತದೆ, ಮನೆಗೆ ನೆಂಟರು ಬರುತ್ತಾರೆ, ಸುಮ್ನೆ ಒಂದು ದಿನ ಮನಸ್ಸೇ ಇರುವುದಿಲ್ಲ. ಒಳ್ಳೆಯ ದಿನ ಚೆನ್ನಾಗಿ ನಡೆದು, ಒಂದು ದಿನ ತಪ್ಪಿದ ಕೂಡಲೇ ಪೂರ್ತಿ ಕುಸಿಯುವ ವಿಧಾನಕ್ಕಿಂತ, ಸಾಧಾರಣವಾಗಿ ನಡೆದರೂ ಮರುದಿನ ಮತ್ತೆ ಕೈಗೆ ಸಿಗುವ ವಿಧಾನವೇ ಮೇಲು.

ನಾಲ್ಕನೆಯದು, ಕೆಲಸ ಯಾವ ಬಗೆಯದು? ಪರೀಕ್ಷೆಗೆ ಪುನರಾವರ್ತನೆ ಮಾಡುವುದು, ಗಣಿತದ ಲೆಕ್ಕ ಬಿಡಿಸುವುದು, ಪ್ರಬಂಧ ಬರೆಯುವುದು, ತಿಂಗಳುಗಟ್ಟಲೆಯ ಪ್ರಾಜೆಕ್ಟ್ ಮಾಡುವುದು, ಇವೆಲ್ಲ ಕೇಳುವ ಗಮನ ಬೇರೆ ಬೇರೆ.

ಕೆಲಸದ ಪಟ್ಟಿ

ಎಲ್ಲರೂ ಮೊದಲು ಹಿಡಿಯುವುದು ಇದನ್ನೇ. ಖರ್ಚಿಲ್ಲ, ಐದು ನಿಮಿಷದ ಕೆಲಸ, ಇವತ್ತು ತಪ್ಪಿದರೆ ನಾಳೆ ಹೊಸ ಹಾಳೆ. ತಲೆಯಲ್ಲಿ ಸುತ್ತುತ್ತಿರುವುದೆಲ್ಲ ಕಾಗದಕ್ಕೆ ಬಂದರೆ ಒಂದು ನೆಮ್ಮದಿಯೂ ಸಿಗುತ್ತದೆ.

ತೊಂದರೆ ಇರುವುದು ಪಟ್ಟಿ ಬರೆಯುವ ರೀತಿಯಲ್ಲಿ. ಒಬ್ಬ ವಿದ್ಯಾರ್ಥಿಯ ಪಟ್ಟಿ ಹೀಗಿದೆ ಅಂತ ಇಟ್ಟುಕೊಳ್ಳಿ: "ಭೌತಶಾಸ್ತ್ರ ಓದುವುದು. ಪ್ರಾಜೆಕ್ಟ್ ವರದಿ. ಲ್ಯಾಬ್ ರೆಕಾರ್ಡಿಗೆ ಅಟ್ಟೆ ಹಾಕುವುದು. ಇಮೇಲ್‌ಗೆ ಉತ್ತರ." ಸಂಜೆಗೆ ಅಟ್ಟೆ ಹಾಕಿರುತ್ತಾರೆ, ಇಮೇಲ್ ಹೋಗಿರುತ್ತದೆ. ಮೊದಲ ಎರಡು ಸಾಲು ಮರುದಿನದ ಹಾಳೆಗೆ ದಾಟುತ್ತವೆ, ಅದರ ಮರುದಿನಕ್ಕೂ ದಾಟುತ್ತವೆ. ಯಾಕೆಂದರೆ "ಭೌತಶಾಸ್ತ್ರ ಓದುವುದು" ಅನ್ನುವುದಕ್ಕೆ ತುದಿಯೂ ಇಲ್ಲ, ಮೊದಲೂ ಇಲ್ಲ. ಅದರ ಬದಲು "4ನೇ ಅಧ್ಯಾಯದ ಕೊನೆಯ ಲೆಕ್ಕಗಳಲ್ಲಿ ಮೊದಲ ಮೂರನ್ನು ಉತ್ತರ ನೋಡದೆ ಬಿಡಿಸುವುದು" ಅಂತ ಬರೆದರೆ ಕೈ ಎಲ್ಲಿಗೆ ಹೋಗಬೇಕು ಅಂತ ಗೊತ್ತಾಗುತ್ತದೆ. "ಪ್ರಾಜೆಕ್ಟ್ ವರದಿ" ಅನ್ನುವ ಕಡೆ "ವರದಿಯ ಫೈಲ್ ತೆರೆದು ಐದು ಉಪಶೀರ್ಷಿಕೆ ಬರೆಯುವುದು" ಅಂತ ಬರಲಿ.

ದಿನಕ್ಕೆ ಮೂರು ದೊಡ್ಡ ಕೆಲಸಕ್ಕಿಂತ ಜಾಸ್ತಿ ಬರೆಯಬೇಡಿ. ಹದಿನೈದು ಸಾಲಿನ ಪಟ್ಟಿ ರಾತ್ರಿ ಮಲಗುವಾಗ ಅಪರಾಧಿ ಭಾವ ಬಿಟ್ಟು ಬೇರೇನನ್ನೂ ಕೊಡುವುದಿಲ್ಲ. ಎಲ್ಲಿಂದ ಶುರು ಮಾಡಲಿ ಅಂತ ಗೊತ್ತಾಗದವರಿಗೆ ಪಟ್ಟಿ ಒಳ್ಳೆಯದು. ಏನು ಮಾಡಬೇಕು ಅಂತ ಚೆನ್ನಾಗಿ ಗೊತ್ತಿದ್ದೂ ಕೂರಲಾಗದವರಿಗೆ ಇದೊಂದೇ ಸಾಲದು.

ಟೈಮ್ ಟೇಬಲ್ ಮತ್ತು ಹಿಂದಿನಿಂದ ಲೆಕ್ಕ ಹಾಕುವುದು

ಪಟ್ಟಿ ಏನು ಮಾಡಬೇಕು ಅಂತ ಹೇಳುತ್ತದೆ, ಟೈಮ್ ಟೇಬಲ್ ಯಾವಾಗ ಅಂತ ಹೇಳುತ್ತದೆ. ದಿನದ ಗಂಟೆಗಳನ್ನು ಕೆಲಸಗಳಿಗೆ ಹಂಚಿದಾಗ ಒಂದು ಸತ್ಯ ಎದುರಿಗೆ ಬರುತ್ತದೆ: ನಮ್ಮ ಹತ್ತಿರ ನಾವು ಅಂದುಕೊಂಡಷ್ಟು ಹೊತ್ತು ಇಲ್ಲ. ಕ್ಲಾಸು, ಓಡಾಟ, ಊಟ, ನಿದ್ದೆ ಕಳೆದರೆ ಉಳಿಯುವುದು ಮೂರೋ ನಾಲ್ಕೋ ಗಂಟೆ. ಇದು ಗೊತ್ತಾಗುವುದೇ ದೊಡ್ಡ ಲಾಭ.

ಲೆಕ್ಕ ತಪ್ಪುವವರಿಗೆ ಇದು ಯಾಕೆ ಬೇಕು ಅನ್ನುವುದಕ್ಕೆ ಒಂದು ಹಳೆಯ ಅಧ್ಯಯನ ನೋಡಿ. ಕೆಲಸಕ್ಕೆ ಬೇಕಾದ ಸಮಯವನ್ನು ಮನುಷ್ಯ ಯಾವಾಗಲೂ ಕಡಿಮೆ ಅಂದಾಜು ಮಾಡುತ್ತಾನೆ ಅಂತ ಡೇನಿಯಲ್ ಕಾಹ್ನೆಮನ್ ಮತ್ತು ಏಮಸ್ ಟ್ವರ್ಸ್ಕಿ 1979ರಲ್ಲಿ ಬರೆದಿದ್ದರು. 1994ರಲ್ಲಿ ರಾಜರ್ ಬ್ಯೂಲರ್ ಮತ್ತು ಸಂಗಡಿಗರು ಇದನ್ನು ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳ ಮೇಲೆ ನೋಡಿದರು. ಮುಗಿಸಲು ಸರಾಸರಿ 34 ದಿನ ಬೇಕು ಅಂತ ವಿದ್ಯಾರ್ಥಿಗಳು ಹೇಳಿದ್ದರು. ಹಿಡಿದದ್ದು ಸುಮಾರು 55 ದಿನ. ಎಲ್ಲವೂ ಕೆಟ್ಟು ಹೋದರೆ ಎಷ್ಟು ದಿನ ಅಂತ ಕೇಳಿದಾಗ ಕೊಟ್ಟ ಅಂದಾಜನ್ನೂ ಅದು ಮೀರಿತ್ತು. ಆದ್ದರಿಂದ ನಿಮ್ಮ ಮನಸ್ಸು ಎರಡು ಗಂಟೆ ಸಾಕು ಅಂದರೆ ಮೂರು ಗಂಟೆ ಇಡಿ.

ದೊಡ್ಡ ಕೆಲಸಕ್ಕೆ ಕೊನೆಯ ದಿನದಿಂದ ಹಿಂದಕ್ಕೆ ಬನ್ನಿ. 3000 ಪದಗಳ ಪ್ರಬಂಧ, ಕೈಯಲ್ಲಿ 21 ದಿನ ಇವೆ ಅಂದುಕೊಳ್ಳಿ. ಕೊನೆಯ 3 ದಿನವನ್ನು ಖಾಲಿ ಬಿಡಿ, ಅದು ಪ್ರಿಂಟರ್ ಕೈಕೊಡುವ, ನೆಟ್ ಹೋಗುವ, ತಲೆನೋವು ಬರುವ ದಿನಗಳಿಗೆ. ಅದಕ್ಕೂ ಹಿಂದಿನ 4 ದಿನ ತಿದ್ದಲು ಮತ್ತು ಆಕರಗಳನ್ನು ಸರಿಪಡಿಸಲು. ಅದಕ್ಕೂ ಹಿಂದಿನ 6 ದಿನ ಬರೆಯಲು, ದಿನಕ್ಕೆ 500 ಪದ. ಉಳಿದದ್ದು 8 ದಿನ, ಅದರಲ್ಲೇ ಓದು, ಟಿಪ್ಪಣಿ, ಯಾವ ಭಾಗದಲ್ಲಿ ಏನು ಬರಬೇಕು ಅನ್ನುವ ನಕ್ಷೆ ಎಲ್ಲ ಮುಗಿಯಬೇಕು. ಮೂರು ವಾರ ಇದೆ ಅಂತ ನಿರಾಳವಾಗಿದ್ದವರಿಗೆ, ಓದಲು ಶುರು ಮಾಡಬೇಕಾದದ್ದು ಇವತ್ತೇ ಅಂತ ಕಾಣುತ್ತದೆ ಅಲ್ವಾ?

ಇದರ ದೊಡ್ಡ ಕೊರತೆ ನನ್ನ ಮೂರನೆಯ ಪ್ರಶ್ನೆಗೆ ಸಂಬಂಧಿಸಿದ್ದು. ಬೆಳಿಗ್ಗೆ 5ರಿಂದ ರಾತ್ರಿ 11ರವರೆಗೆ ಒತ್ತೊತ್ತಾಗಿ ತುಂಬಿಸಿದ ಟೈಮ್ ಟೇಬಲ್ ಮೊದಲ ಅರ್ಧ ಗಂಟೆ ತಪ್ಪಿದ ಕೂಡಲೇ ಇಡೀ ದಿನಕ್ಕೆ ಹಾಳಾಗುತ್ತದೆ. "ಇವತ್ತು ಹೇಗೂ ಹೋಯಿತು, ನಾಳೆಯಿಂದ ಸರಿಯಾಗಿ" ಅನ್ನುವ ಮಾತು ಹುಟ್ಟುವುದು ಅಲ್ಲಿಯೇ. ಹಾಗಾಗಿ ದಿನಕ್ಕೆ ಒಂದು ಗಂಟೆಯನ್ನಾದರೂ ಖಾಲಿ ಬಿಡಿ, ವಾರಕ್ಕೆ ಒಂದು ಅರ್ಧ ದಿನವನ್ನೂ ಖಾಲಿ ಬಿಡಿ. ತಪ್ಪಿದ್ದು ಅಲ್ಲಿಗೆ ಹೋಗಲಿ. ಐದು ಬಣ್ಣದ ಪೆನ್ನಿನಲ್ಲಿ ಎರಡು ಗಂಟೆ ಕೂತು ಟೈಮ್ ಟೇಬಲ್ ಬರೆಯುವುದೂ ಓದನ್ನು ಮುಂದೂಡುವ ಒಂದು ದಾರಿಯೇ. ವಾರಕ್ಕೊಮ್ಮೆ, ಹದಿನೈದು ನಿಮಿಷ, ಒಂದೇ ಪೆನ್ನು ಸಾಕು.

25 ನಿಮಿಷದ ಟೈಮರ್

ಪೊಮೊಡೊರೊ ಅನ್ನುವ ಹೆಸರು ನೀವು ಕೇಳಿರಬಹುದು. 1980ರ ದಶಕದ ಕೊನೆಯಲ್ಲಿ ಫ್ರಾನ್ಸೆಸ್ಕೊ ಚಿರಿಲ್ಲೊ ಎಂಬ ಇಟಲಿಯ ವಿದ್ಯಾರ್ಥಿ ಅಡುಗೆಮನೆಯ ಟೈಮರ್ ಒಂದನ್ನು ಮುಂದಿಟ್ಟುಕೊಂಡು ಓದಲು ಶುರು ಮಾಡಿದ, ಅದರಿಂದ ಬೆಳೆದ ವಿಧಾನ ಇದು. 25 ನಿಮಿಷ ಒಂದೇ ಕೆಲಸ, 5 ನಿಮಿಷ ಬಿಡುವು. ನಾಲ್ಕು ಸುತ್ತು ಆದ ಮೇಲೆ 15ರಿಂದ 30 ನಿಮಿಷದ ದೊಡ್ಡ ಬಿಡುವು.

ಇದರ ಬಲ ಇರುವುದು ಶುರು ಮಾಡಿಸುವುದರಲ್ಲಿ. ಇಡೀ ಪಠ್ಯಕ್ಕೆ ಹೆದರುವ ಮನಸ್ಸು 25 ನಿಮಿಷಕ್ಕೆ ಅಷ್ಟು ಹೆದರುವುದಿಲ್ಲ. ಅದೂ ಆಗದ ದಿನ 10 ನಿಮಿಷ ಇಡಿ. ಕೂತ ಮೇಲೆ ಮುಂದುವರಿಸುವುದು ಅಷ್ಟು ಕಷ್ಟ ಆಗುವುದಿಲ್ಲ. ತಪ್ಪಿದ ಮೇಲೆ ಮತ್ತೆ ಹಿಡಿಯುವ ವಿಷಯದಲ್ಲಿ ಇದನ್ನು ಮೀರಿಸುವುದು ಕಷ್ಟ. ನಿನ್ನೆಯ ಬಾಕಿ ಅಂತ ಏನೂ ಇರುವುದಿಲ್ಲ, ಟೈಮರ್ ಒತ್ತಿದರೆ ಆಯಿತು. ಪುನರಾವರ್ತನೆ, ಲೆಕ್ಕ, ಭಾಷೆಯ ಪದಗಳು, ಸೂತ್ರಗಳು ಇಂಥವಕ್ಕೆ ಚೆನ್ನಾಗಿ ಹೊಂದುತ್ತದೆ.

ಬರೆಯುವ ಕೆಲಸಕ್ಕೆ, ಪ್ರೋಗ್ರಾಮಿಂಗಿಗೆ, ಗಣಿತದ ಉದ್ದದ ಸಾಧನೆಯೊಂದನ್ನು (ಪ್ರೂಫ್) ಅರ್ಥ ಮಾಡಿಕೊಳ್ಳುವುದಕ್ಕೆ ಇದೇ ಅಳತೆ ಅಡ್ಡ ಬರಬಹುದು. ವಿಷಯ ತಲೆಗೆ ಹತ್ತಲೇ ಇಪ್ಪತ್ತು ನಿಮಿಷ ಬೇಕು, ಹತ್ತಿತು ಅನ್ನುವಾಗ ಗಂಟೆ ಹೊಡೆಯುತ್ತದೆ. ಅಂಥವರು 50 ನಿಮಿಷ ಓದು, 10 ನಿಮಿಷ ಬಿಡುವು ಅಂತ ಬದಲಿಸಿಕೊಳ್ಳಿ. 25 ಅನ್ನುವುದು ಕಟ್ಟುಪಾಡೇನಲ್ಲ. ಬಿಡುವಿನಲ್ಲಿ ಮಾತ್ರ ಫೋನ್ ಹಿಡಿಯಬೇಡಿ. ಐದು ನಿಮಿಷ ನಲವತ್ತಾಗುವುದು ಅಲ್ಲೇ. ಎದ್ದು ನೀರು ಕುಡಿಯಿರಿ, ಕಿಟಕಿಯ ಹತ್ತಿರ ನಿಲ್ಲಿ, ಕೈಕಾಲು ಆಡಿಸಿ.

ಆ 25 ನಿಮಿಷದೊಳಗೆ ಏನು ತುಂಬುತ್ತೀರಿ ಅನ್ನುವುದೂ ಮುಖ್ಯ. ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ 2006ರಲ್ಲಿ ಮಾಡಿದ ಪ್ರಯೋಗದಲ್ಲಿ, ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ, ಪುಸ್ತಕ ಮುಚ್ಚಿ ನೆನಪಿನಿಂದ ಬರೆದು ಅಭ್ಯಾಸ ಮಾಡಿದವರೇ ಜಾಸ್ತಿ ನೆನಪಿಟ್ಟುಕೊಂಡಿದ್ದರು. ಹಾಗಾಗಿ ಸುತ್ತಿನ ಕೊನೆಯ ಐದು ನಿಮಿಷ ಪುಸ್ತಕ ಮುಚ್ಚಿಡಿ.

"ಇದಾದ ಕೂಡಲೇ ಅದು" ಅನ್ನುವ ಒಂದು ಸಾಲು

ದಿನವೂ ನಡೆಯುವ ಒಂದು ಘಟನೆಗೆ ಓದನ್ನು ಗಂಟು ಹಾಕಿ ಒಂದು ಸಾಲಿನಲ್ಲಿ ಬರೆದಿಡುವ ಈ ವಿಧಾನ ಬಳಸುವವರು ಕಡಿಮೆ. ನನಗೆ ತುಂಬಾ ನಂಬಿಕೆ ಇರುವುದು ಇದರಲ್ಲೇ. ಮನಶ್ಶಾಸ್ತ್ರಜ್ಞ ಪೀಟರ್ ಗೋಲ್ವಿಟ್ಸರ್ 1999ರಲ್ಲಿ ಇದರ ಬಗ್ಗೆ ವಿವರವಾಗಿ ಬರೆದರು. 2006ರಲ್ಲಿ ಅವರು ಮತ್ತು ಪಾಸ್ಕಲ್ ಶೀರನ್ ಸಂಶೋಧಕರು ಇದರ ಮೇಲೆ ಮಾಡಿದ 94 ಪರೀಕ್ಷೆಗಳ ಫಲಿತಾಂಶವನ್ನು ಒಟ್ಟು ಮಾಡಿ ನೋಡಿದಾಗ, ಅಂದುಕೊಂಡದ್ದನ್ನು ಮಾಡಿ ಮುಗಿಸಲು ಇದು ಸಾಕಷ್ಟು ಒಳ್ಳೆಯ ಸಹಾಯ ಮಾಡುತ್ತದೆ ಅಂತ ಕಂಡುಬಂತು.

"ಇನ್ನು ಮೇಲೆ ದಿನಾ ಓದುತ್ತೇನೆ" ಅನ್ನುವುದು ಆಸೆ. "ರಾತ್ರಿ ಊಟ ಮುಗಿಸಿ ತಟ್ಟೆ ತೊಳೆದಿಟ್ಟ ಕೂಡಲೇ, ಮೇಜಿನ ಮುಂದೆ ಕೂತು ರಸಾಯನಶಾಸ್ತ್ರದ ನೋಟ್ಸಿನಲ್ಲಿ ಇವತ್ತಿನ ಪುಟ ತೆಗೆಯುತ್ತೇನೆ" ಅನ್ನುವುದು ಯೋಜನೆ. ತಟ್ಟೆ ತೊಳೆಯುವುದು ದಿನವೂ ಹೇಗೂ ಆಗುತ್ತದೆ, ಅದೇ ಓದನ್ನು ನೆನಪಿಸುತ್ತದೆ. ಓದಲೋ ಬೇಡವೋ ಅಂತ ಆ ಹೊತ್ತಿನಲ್ಲಿ ಯೋಚಿಸುವ ಕೆಲಸ ಉಳಿಯುವುದಿಲ್ಲ. ಗಮನ ಚದುರುವವರೂ ಇದನ್ನು ಬಳಸಬಹುದು: "ಫೋನಿನ ಕಡೆ ಕೈ ಹೋದರೆ, ಏನು ನೋಡಬೇಕು ಅನ್ನಿಸಿತೋ ಅದನ್ನು ಪಕ್ಕದ ಹಾಳೆಯಲ್ಲಿ ಬರೆದು, ಓದುತ್ತಿದ್ದ ಸಾಲಿಗೆ ಬರುತ್ತೇನೆ."

ಹಣದ ಖರ್ಚಿಲ್ಲ, ದಿನದ ಖರ್ಚೂ ಇಲ್ಲ. ತಪ್ಪಿದರೂ ಚಿಂತೆಯಿಲ್ಲ, ನಾಳೆಯೂ ಊಟ ಇದೆ. ಸಂಜೆ ಫ್ರೀ ಆದಾಗ, ಮನಸ್ಸು ಬಂದಾಗ ಅನ್ನುವಂಥ ಸಮಯ ಇಟ್ಟರೆ ಮಾತ್ರ ಕೆಲಸ ಮಾಡುವುದಿಲ್ಲ, ಕಣ್ಣಿಗೆ ಕಾಣುವ, ದಿನವೂ ತಪ್ಪದೆ ನಡೆಯುವ ಘಟನೆಯೇ ಬೇಕು. ಒಟ್ಟಿಗೆ ಎಂಟು ಹತ್ತು ಸಾಲು ಬರೆದರೂ ಯಾವುದೂ ನೆನಪಿರುವುದಿಲ್ಲ. ಒಂದೇ ಸಾಲಿನಿಂದ ಶುರು ಮಾಡಿ. ಇದು ಮೇಜಿನವರೆಗೆ ಕರೆತರುತ್ತದೆ, ಕೂತ ಮೇಲೆ ಎಷ್ಟು ಹೊತ್ತು ಅನ್ನುವುದಕ್ಕೆ ಟೈಮರ್ ಬೇಕಾಗಬಹುದು.

ಜೊತೆಯಲ್ಲಿ ಕೂತು ಓದುವುದು

ಒಬ್ಬರೇ ಇದ್ದಾಗ ಏಳುವ ಮನಸ್ಸು, ಎದುರಿಗೆ ಇನ್ನೊಬ್ಬರು ಓದುತ್ತಿದ್ದರೆ ಏಳುವುದಿಲ್ಲ. ಲೈಬ್ರರಿಯಲ್ಲೋ, ವಿಡಿಯೋ ಕಾಲ್‌ನಲ್ಲಿ ಮೈಕ್ ಆಫ್ ಮಾಡಿಕೊಂಡೋ ಕೂರಬಹುದು. ಶುರುವಿಗೂ ಒಳ್ಳೆಯದು, ಮಧ್ಯದಲ್ಲಿ ಚದುರುವವರಿಗೂ ಒಳ್ಳೆಯದು.

ಗೆಳೆಯರ ಆಯ್ಕೆಯಲ್ಲಿ ಎಚ್ಚರ ಬೇಕು. ತುಂಬಾ ಹತ್ತಿರದವರಾದರೆ ಮಾತು ಶುರುವಾಗುತ್ತದೆ. ಬೇರೆ ವಿಷಯ ಓದುವ, ನಿಮ್ಮಷ್ಟೇ ಗಂಭೀರವಾಗಿರುವ ಒಬ್ಬರು ಸಿಕ್ಕರೆ ವಾಸಿ. ಕೂರುವಾಗ "ನಾನು ಈ ಮೂರು ಲೆಕ್ಕ ಮಾಡುತ್ತೇನೆ" ಅಂತ ಹೇಳಿ, ಏಳುವಾಗ ತೋರಿಸಿ. ಅವರು ಬಾರದ ದಿನ ನಿಮ್ಮ ಓದೂ ನಿಲ್ಲುವ ಅಪಾಯ ಇದೆ, ಹಾಗಾಗಿ ವಾರಕ್ಕೆ ಎರಡು ಮೂರು ದಿನ ಸಾಕು. ಇಡೀ ವಾರ ಇದರ ಮೇಲೇ ನಿಲ್ಲಬೇಡಿ.

ಫೋನ್ ತಡೆಯುವ ಆಪ್

ದುಡ್ಡು ಕೊಟ್ಟು ತೆಗೆದುಕೊಳ್ಳುವ ಮೊದಲು ಫೋನನ್ನು ಬೇರೆ ಕೋಣೆಯಲ್ಲಿ ಇಟ್ಟು ನೋಡಿ. ಆಂಡ್ರಾಯ್ಡ್‌ನಲ್ಲಿ ಡಿಜಿಟಲ್ ವೆಲ್‌ಬೀಯಿಂಗ್, ಐಫೋನ್‌ನಲ್ಲಿ ಸ್ಕ್ರೀನ್ ಟೈಮ್ ಅನ್ನುವ ಸೌಲಭ್ಯ ಇದೆ, ಅದರಲ್ಲಿ ಯಾವ ಆಪ್ ದಿನಕ್ಕೆ ಎಷ್ಟು ಹೊತ್ತು ಅಂತ ಮಿತಿ ಹಾಕಬಹುದು. ಓದಲು ಇಷ್ಟವಿದ್ದೂ ನೋಟಿಫಿಕೇಶನ್‌ನಿಂದ ತಪ್ಪುವವರಿಗೆ ಇಷ್ಟೇ ಸಾಕಾಗಬಹುದು. ಪಾಠದ ಮೇಲಿನ ಭಯದಿಂದ ಫೋನಿಗೆ ಓಡುವವರಿಗೆ ಇದು ಉಪಯೋಗವಿಲ್ಲ. ಫೋನ್ ಸಿಗದಿದ್ದರೆ ಅವರು ಕಪಾಟು ಜೋಡಿಸಲು ಏಳುತ್ತಾರೆ.

ಹಾಗಾದರೆ ಯಾರಿಗೆ ಯಾವುದು?

ಪರೀಕ್ಷೆಗೆ ಹತ್ತು ದಿನ ಉಳಿದಿದ್ದರೆ ದೊಡ್ಡ ಟೈಮ್ ಟೇಬಲ್ ಬರೆಯುತ್ತಾ ಕೂರಬೇಡಿ. ಹಿಂದಿನ ರಾತ್ರಿ ಮೂರು ಸಾಲಿನ ಪಟ್ಟಿ, ಮರುದಿನ ಟೈಮರ್, ಇಷ್ಟೇ. ನಿದ್ದೆಯಿಂದ ಗಂಟೆ ಕದಿಯಬೇಡಿ. ಓದಿದ್ದು ತಲೆಯಲ್ಲಿ ಗಟ್ಟಿಯಾಗುವುದು ನಿದ್ದೆಯಲ್ಲೇ.

ತಿಂಗಳುಗಟ್ಟಲೆಯ ಪ್ರಾಜೆಕ್ಟ್ ಅಥವಾ ಪ್ರಬಂಧ ಇದ್ದರೆ ಹಿಂದಿನಿಂದ ಲೆಕ್ಕ ಹಾಕುವುದು ಬೇಕೇ ಬೇಕು. ಜೊತೆಗೆ ಮಧ್ಯದ ತಾರೀಕುಗಳನ್ನು ಮಾರ್ಗದರ್ಶಕರಿಗೆ ಹೇಳಿಬಿಡಿ: "ಮೇಡಂ, ಇಂಥ ದಿನ ಮೊದಲ ಅಧ್ಯಾಯ ತಂದು ಕೊಡುತ್ತೇನೆ." ನಮಗೆ ನಾವೇ ಕೊಟ್ಟ ಮಾತಿಗಿಂತ ಇನ್ನೊಬ್ಬರಿಗೆ ಕೊಟ್ಟ ಮಾತು ಗಟ್ಟಿ.

ಓದಿನ ಜೊತೆ ಕೆಲಸಕ್ಕೂ ಹೋಗುವವರಿಗೆ, ಮನೆಯಲ್ಲಿ ಜವಾಬ್ದಾರಿ ಇರುವವರಿಗೆ ಗಂಟೆ ಗಂಟೆಯ ಟೈಮ್ ಟೇಬಲ್ ನಿಲ್ಲುವುದಿಲ್ಲ, ಶಿಫ್ಟ್ ಬದಲಾದರೆ ಮುಗಿಯಿತು. ಇವರಿಗೆ ಒಂದು ಸಾಲಿನ ಯೋಜನೆಯೇ ಸರಿ. "ಕೆಲಸದಿಂದ ಬಂದು ಮುಖ ತೊಳೆದ ಕೂಡಲೇ ಇಪ್ಪತ್ತು ನಿಮಿಷ" ಅನ್ನುವುದು ಯಾವ ಶಿಫ್ಟಿಗೂ ನಡೆಯುತ್ತದೆ.

ಚೆನ್ನಾಗಿ ಆಗಬೇಕು ಅಂತ ಕೊನೆಯವರೆಗೂ ಕೊಡದೇ ಇರುವವರಿಗೆ ಮೇಲಿನ ಯಾವುದೂ ನೇರವಾಗಿ ಸಹಾಯ ಮಾಡುವುದಿಲ್ಲ. ಅವರಿಗೆ ಸಮಯ ಸಿಕ್ಕಷ್ಟೂ ತಿದ್ದುವುದು ಜಾಸ್ತಿ ಆಗುತ್ತದೆ. ಕೊನೆಯ ದಿನಕ್ಕೆ ಒಂದು ವಾರ ಮೊದಲು ಕಚ್ಚಾ ಪ್ರತಿಯನ್ನು, ತಪ್ಪುಗಳ ಸಮೇತ, ನಂಬುವ ಒಬ್ಬರ ಕೈಗೆ ಕೊಡುವ ಏರ್ಪಾಡು ಮಾಡಿಕೊಳ್ಳಿ.

ಯಾವ ವಿಧಾನ ಹಿಡಿದರೂ ತಪ್ಪುವ ದಿನ ಬಂದೇ ಬರುತ್ತದೆ. ಆ ದಿನ ನಿಮ್ಮನ್ನು ನೀವೇ ಬೈದುಕೊಳ್ಳಬೇಡಿ. ಇದು ಬರೀ ಸಮಾಧಾನದ ಮಾತಲ್ಲ. ಮೈಕಲ್ ವೋಲ್, ಪಿಚಿಲ್ ಮತ್ತು ಸಂಗಡಿಗರು 2010ರಲ್ಲಿ ಮೊದಲ ವರ್ಷದ ವಿದ್ಯಾರ್ಥಿಗಳನ್ನು ಗಮನಿಸಿದಾಗ, ಮೊದಲ ಪರೀಕ್ಷೆಗೆ ಮುಂದೂಡಿದ್ದಕ್ಕೆ ತಮ್ಮನ್ನು ತಾವು ಕ್ಷಮಿಸಿಕೊಂಡವರು ಮುಂದಿನ ಪರೀಕ್ಷೆಗೆ ಕಡಿಮೆ ಮುಂದೂಡಿದ್ದರು. ಬೈದುಕೊಂಡಷ್ಟೂ ಆ ಪುಸ್ತಕ ನೋಡಿದರೇ ಬೇಸರ ಬರುತ್ತದೆ, ಬೇಸರ ಬಂದಷ್ಟೂ ಅದರಿಂದ ದೂರ ಹೋಗುತ್ತೇವೆ.

ಇನ್ನೊಂದು ಮಾತು. ತಿಂಗಳುಗಟ್ಟಲೆ ಯಾವ ಕೆಲಸವೂ ಕೈಗೆ ಹತ್ತದಿದ್ದರೆ, ಇಷ್ಟದ ಕೆಲಸವೂ ಬೇಡವಾಗಿದ್ದರೆ, ನಿದ್ದೆ ಊಟ ಕೆಟ್ಟಿದ್ದರೆ, ಅಥವಾ ಚಿಕ್ಕಂದಿನಿಂದಲೂ ಗಮನ ಒಂದು ಕಡೆ ನಿಲ್ಲದೇ ಇದ್ದರೆ ವಿಧಾನ ಬದಲಿಸುತ್ತಾ ಕೂರಬೇಡಿ. ಕಾಲೇಜಿನ ಆಪ್ತಸಮಾಲೋಚಕರನ್ನೋ ವೈದ್ಯರನ್ನೋ ನೋಡಿ. ಖಿನ್ನತೆಗೂ ಗಮನದ ತೊಂದರೆಗೂ ಚಿಕಿತ್ಸೆ ಇದೆ.

ಉಳಿದವರು ಒಂದು ವಿಧಾನವನ್ನು, ಹೆಚ್ಚೆಂದರೆ ಎರಡನ್ನು, ಎರಡು ವಾರ ನಡೆಸಿ ನೋಡಿ. ಎಷ್ಟು ಪುಟ ಓದಿದೆ ಅಂತ ಬರೆಯಬೇಡಿ. ಅಂದುಕೊಂಡ ಹೊತ್ತಿಗೂ ಕೂತ ಹೊತ್ತಿಗೂ ನಡುವೆ ಎಷ್ಟು ನಿಮಿಷ ಹೋಯಿತು, ತಪ್ಪಿದ ದಿನದ ಮರುದಿನ ಮತ್ತೆ ಕೂತಿರೋ ಇಲ್ಲವೋ, ಇವೆರಡನ್ನು ಮಾತ್ರ ಕ್ಯಾಲೆಂಡರಿನ ಮೇಲೆ ಗುರುತು ಹಾಕಿ. ಶುರುವಿನ ತಡ ಕಡಿಮೆಯಾಗಿದ್ದು ಕೆಲಸ ಮಾತ್ರ ಮುಗಿಯುತ್ತಿಲ್ಲ ಅಂದರೆ ಹಿಂದಿನಿಂದ ಲೆಕ್ಕ ಹಾಕುವುದನ್ನು ಸೇರಿಸಿಕೊಳ್ಳಿ. ತಡವೇ ಕಡಿಮೆಯಾಗಿಲ್ಲ ಅಂದರೆ ಓದಿಗೆ ಗಂಟು ಹಾಕಿದ ಆ ದಿನನಿತ್ಯದ ಘಟನೆಯನ್ನು ಬದಲಿಸಿ, ಇಲ್ಲವೇ ಜೊತೆಗೊಬ್ಬರನ್ನು ಹುಡುಕಿ. ಮರುದಿನ ಕೂರಲು ಆಗುತ್ತಿಲ್ಲ ಅಂದರೆ ಹಿಡಿದ ವಿಧಾನ ನಿಮಗೆ ಭಾರವಾಗಿದೆ, ಅದನ್ನು ಬಿಟ್ಟು 10 ನಿಮಿಷದ ಟೈಮರ್‌ಗೆ ಇಳಿಯಿರಿ.